ಹೊರಡದ ಓಲೆ

ಮಿಂಚಂಚೆ ಬರುತ್ತದೆ, ಆದರೆ ಹೋಗುವುದಿಲ್ಲ. ಇಂತಹ ಸಂದರ್ಭದಲ್ಲಿ ಗುಪ್ತಪದವನ್ನು ಶಂಕಿಸುವವರೇ ಹೆಚ್ಚು. ದೋಷವು ಅನೇಕ ವೇಳೆ ಅಡಗಿರುವುದು ಸರ್ವರಿನ ಬಾಗಿಲ ಸಂಖ್ಯೆಯಲ್ಲಿ, ಅಂದರೆ ಪೋರ್ಟಿನಲ್ಲಿ.

1982ರಲ್ಲಿ ಅಂಚೆ ಸಾಗಿಸುವ ಎಸ್‌ಎಂಟಿಪಿ ನಿಯಮಗಳು ಪ್ರಕಟವಾದಾಗ ಮಾತೆಲ್ಲವೂ ಬಯಲಿನಲ್ಲಿಯೇ ನಡೆಯುತ್ತಿತ್ತು. ಗೂಢಲಿಪಿಯ ರಕ್ಷಣೆ ಬಂದುದು ಅನಂತರ. ಅದೂ ಎರಡು ಬಗೆಯಾಗಿ. 587ನೆಯ ಪೋರ್ಟಿನಲ್ಲಿ ಸರ್ವರ್ ಮೊದಲು ಬಹಿರಂಗವಾಗಿ ಸ್ವಾಗತ ನುಡಿಯುತ್ತದೆ. ಬಳಿಕ ‘ಸ್ಟಾರ್ಟ್‌ಟಿಎಲ್‌ಎಸ್’ ಎಂಬ ಆಜ್ಞೆಯಿಂದ ಸಂಭಾಷಣೆ ಗೂಢವಾಗುತ್ತದೆ. 465ರಲ್ಲಿ ಹಾಗಲ್ಲ. ಅಲ್ಲಿ ಕದ ತಟ್ಟಿದ ತಂತ್ರಾಂಶವೇ ಮೊದಲ ನುಡಿಯಿಂದ ಗೂಢ ಸಂಪರ್ಕವನ್ನು ಆರಂಭಿಸಬೇಕು.

465ಕ್ಕೆ ಹೋದ ತಂತ್ರಾಂಶವು 587ರ ಕ್ರಮವನ್ನು ಅನುಸರಿಸಿತೆನ್ನಿ. ಅದು ಸ್ವಾಗತಕ್ಕಾಗಿ ಕಾಯುತ್ತದೆ. ಸರ್ವರ್ ಅದರ ಮೊದಲ ನುಡಿಗಾಗಿ ಕಾಯುತ್ತದೆ. ವಿನಯಶೀಲರಾದ ಬೀಗರಿಬ್ಬರು ‘ತಾವು ಮೊದಲು’ ಎನ್ನುತ್ತ ಹೊಸಿಲಲ್ಲೇ ನಿಂತಂತೆ! ಕೊನೆಗೆ ಅವಧಿ ಮುಗಿದು ಸಂಪರ್ಕ ಕಡಿಯುತ್ತದೆ. 587ರಲ್ಲಿ ಇದರ ವಿಪರ್ಯಯ ನಡೆದರೆ, ಗೂಢ ಉತ್ತರವನ್ನು ನಿರೀಕ್ಷಿಸಿದ ತಂತ್ರಾಂಶಕ್ಕೆ ಬಯಲು ಸ್ವಾಗತ ಕೇಳಿಸಿ ದೋಷಸೂಚನೆ ಬೇಗನೆ ಮೂಡುತ್ತದೆ. ತಡವೋ ತಕ್ಷಣವೋ ಎಂಬುದನ್ನು ಗಮನಿಸಿದರೆ ರೋಗದ ನಿದಾನ ಅರ್ಧ ಆದಂತೆಯೇ.

ಬೇಸತ್ತು ರಕ್ಷಣೆಯನ್ನೇ ತೆಗೆದುಹಾಕುವವರುಂಟು. ಸರ್ವರ್ ಅದಕ್ಕೊಪ್ಪಿದರೆ ಓಲೆಯೇನೋ ಹೊರಡುತ್ತದೆ. ಅದರೊಡನೆ ಗುಪ್ತಪದವೂ ದಾರಿಯಲ್ಲಿ ಇಣುಕಿದವರಿಗೆ ಓದಲು ಬರುವಂತೆ ಸಾಗುತ್ತದೆ.