ಪ್ರವಾಸದಲ್ಲಿ ತಂಗುದಾಣ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಆದರೆ ಸುತ್ತುವವನಿಗೆ ರಾತ್ರಿ ತಂಗಲು ನೆಲೆ ಬೇಕಷ್ಟೆ.

ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಮಾಸ್ತರರು 1909ರಲ್ಲಿ ಶಾಲಾ ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಾಗ ಬಿರುಮಳೆಗೆ ಸಿಕ್ಕಿ, ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿ ಕಳೆದರು. ಯುವಕರಿಗೆ ಅಗ್ಗದ ತಂಗುದಾಣಗಳು ಬೇಕೆಂಬ ಯೋಚನೆ ಅಂದೇ ಮೊಳೆಯಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಶಾಶ್ವತ ಯೂತ್ ಹಾಸ್ಟೆಲ್ ತೆರೆಯಿತು. ಅಂತಹ ಹಾಸ್ಟೆಲ್ ಮೈಸೂರಿನಲ್ಲಿಯೂ ಇದೆ.

ಹಾಸ್ಟೆಲಿನ ಡಾರ್ಮಿಟರಿಯಲ್ಲಿ ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಒಂದೇ ಹಜಾರದಲ್ಲಿ ಹಲವರು ಮಲಗುವುದರಿಂದ ಖರ್ಚು ಕಡಿಮೆ, ಏಕಾಂತವೂ ಕಡಿಮೆ. ಆದುದರಿಂದ ದರ ವಿಚಾರಿಸುವ ಮೊದಲು ನಿಮ್ಮ ಅಗತ್ಯವೇನೆಂದು ಯೋಚಿಸಿರಿ. ಗೆಳೆಯರ ತಂಡಕ್ಕೆ ಹಜಾರ ಒಳ್ಳೆಯದು. ಮರುದಿನ ಪರೀಕ್ಷೆಯಿದ್ದವನಿಗೆ ನಿಶ್ಶಬ್ದವಾದ ಕೋಣೆ ಬೇಕು. ಮುಂಜಾನೆಯ ರೈಲಿಗೆ ಟಿಕೆಟ್ ಇರುವವನಿಗೆ, ಸ್ಥಳ ಸಿಕ್ಕಿದರೆ, ನಿಲ್ದಾಣದ ವಿಶ್ರಾಂತಿ ಕೋಣೆಯೇ ಅನುಕೂಲ.

ಒಮ್ಮೆ ನಾನು ವಿದ್ಯಾರ್ಥಿಗಳನ್ನು ಕಾಸರಗೋಡಿನಿಂದ ಮೈಸೂರಿಗೆ ಭಾಷಣ ಸ್ಪರ್ಧೆಗೆ ಕರೆದೊಯ್ದಿದ್ದೆ. ಬಾಡಿಗೆ ಅಗ್ಗವೆಂದು ಊರ ಹೊರಗೆ ಉಳಿದೆವು. ಉಳಿಸಿದ ಹಣ ಆಟೋರಿಕ್ಷಾಕ್ಕೆ ಹೋಯಿತು. ಸೊಳ್ಳೆಕಾಟಕ್ಕೆ ನಿದ್ದೆಗೆಟ್ಟ ಮಕ್ಕಳು ವೇದಿಕೆಯಲ್ಲಿ ತಡವರಿಸಿದರು. ತಪ್ಪು ಅವರದಲ್ಲ, ನನ್ನದು.

ಹುಡುಗಿಯರಿಗೆ ಪ್ರತ್ಯೇಕ ವ್ಯವಸ್ಥೆಯಿದೆಯೇ? ರಾತ್ರಿ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ? ಸಾಮಾನಿಗೆ ಬೀಗ ಹಾಕುವ ಕಪಾಟು ಇದೆಯೇ? ಬಸ್ ನಿಲ್ದಾಣದಿಂದ ಎಷ್ಟು ದೂರ? ಇವಿಷ್ಟನ್ನು ಫೋನಿನಲ್ಲಿ ಮೊದಲೇ ಕೇಳಿಕೊಳ್ಳಿರಿ. ಗುರುತಿನ ಚೀಟಿ ಮರೆಯದಿರಿ. ಮನೆಯವರಿಗೆ ತಂಗುವಲ್ಲಿನ ವಿಳಾಸ ಕೊಟ್ಟು ಹೊರಡಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಪ್ರವಾಸಿಯಾದರೋ ತನ್ನ ಕಾಲಿನ ಅಳತೆ ತಿಳಿದು ಹಾಸಿಗೆ ಹುಡುಕಬೇಕು.