ಸಹೋದ್ಯೋಗಿಯಿಂದಲೇ ಇಂಗ್ಲಿಷ್ ಪಾಠ

2007–08ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಾಗ, ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ಶಿಕ್ಷಕರ ಹೆಗಲಿಗೆ ಆ ಹೊಣೆ ಬಿತ್ತು. ತರಬೇತಿಗೆ ಬೆಂಗಳೂರಿನಲ್ಲಿ 1963ರಿಂದಲೂ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ, ನಿಜ. ಆದರೆ ತರಬೇತಿ ಮುಗಿಸಿ ನವಲಗುಂದ ತಾಲ್ಲೂಕಿನ ಮೊರಬದಂಥ ಊರಿಗೆ ಮರಳಿದವರಿಗೆ ತರಗತಿಯ ಹೊರಗೆ ಆ ಭಾಷೆಯಲ್ಲಿ ಮಾತನಾಡಲು ಜೊತೆಯೇ ವಿರಳ.

ನೆರೆಯ ಶಾಲೆಗಳ ಶಿಕ್ಷಕರು ಕಲೆಯಲು ಸಮೂಹ ಸಂಪನ್ಮೂಲ ಕೇಂದ್ರಗಳಿವೆ. ಆಡಳಿತದಲ್ಲಿದ್ದ ನಾನು ಬಲ್ಲೆ: ಇಂಥ ಸಭೆಗಳ ಹೊತ್ತನ್ನು ಸುತ್ತೋಲೆ, ಅಂಕಿಅಂಶಗಳೇ ನುಂಗಿಬಿಡುತ್ತವೆ. ಅದರಲ್ಲಿ ಎರಡು ಗಂಟೆ ಇಂಗ್ಲಿಷ್ ಶಿಕ್ಷಕರಿಗೇ ಮೀಸಲಾಗಲಿ. ಒಬ್ಬರು ಪಾಠ ಮಾಡಿ ತೋರಿಸಲಿ. ಉಳಿದವರು ಉಚ್ಚಾರ ತಿದ್ದಲಿ, ತಮ್ಮ ತೊಡಕು ಹೇಳಿಕೊಳ್ಳಲಿ. ಮೇಲಧಿಕಾರಿಯೆದುರು ಒಪ್ಪಿಕೊಳ್ಳದ ಕೊರತೆಯನ್ನು ಸಹೋದ್ಯೋಗಿಯೆದುರು ಒಪ್ಪಿಕೊಂಡಾರು. ಖಾಸಗಿ ಶಾಲೆಯ ಶುಲ್ಕ ತೆರಲಾಗದ ರೈತಕುಟುಂಬಗಳಿಗೆ ಊರಿನ ಶಾಲೆಯೇ ಗತಿ. ಅವರ ಮಕ್ಕಳ ಸಲುವಾಗಿ ಇಲಾಖೆ ಕೊಡಬೇಕಾದುದು ಹಣವನ್ನಲ್ಲ, ಬಿಡುವನ್ನು.