ಮಾಸುವ ಸಂಕೇತಕ್ಕೆ ಎರಡು ಆಂಟೆನಾ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಣ ಕಗ್ಗಲ್ಲ ಬೆಟ್ಟಗಳಿಗೆ ತಾಗಿ ಚದುರಿದ ರೇಡಿಯೊ ತರಂಗಗಳು ಗ್ರಾಹಕವನ್ನು ಹಲವು ದಾರಿಗಳಿಂದ ಸೇರುತ್ತವೆ. ಒಮ್ಮೆ ಪರಸ್ಪರ ಬಲಪಡಿಸುತ್ತವೆ, ಒಮ್ಮೆ ಅಳಿಸುತ್ತವೆ. 900 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 33 ಸೆಂ.ಮೀ.; ಅದರರ್ಧ ಸರಿದರೂ ಮಾಸಿದ ಸಂಕೇತ ಮರಳಿ ಮೂಡಬಹುದು. ಆದುದರಿಂದ ಎರಡು ಆಂಟೆನಾಗಳು ಒಮ್ಮೆಗೇ ಸೋಲುವುದು ವಿರಳ.

ಆದರೆ ತರಂಗಗಳ ಪ್ರಾವಸ್ಥೆಯನ್ನರಿಯದೆ ನೇರವಾಗಿ ಕೂಡಿಸಿದರೆ ಅವು ಮತ್ತೆ ಅಳಿಸಿಹೋದಾವು. ಆದಕಾರಣ ಪ್ರತಿಯೊಂದನ್ನೂ ವರ್ಗಗೊಳಿಸಿ, ಶಕ್ತಿಯನ್ನಷ್ಟೇ ಕೂಡಿಸುತ್ತೇವೆ. 0 ಮತ್ತು 1ನ್ನು ಎರಡು ಆವೃತ್ತಿಗಳಿಂದ ಸೂಚಿಸುವಲ್ಲಿ, ರೇಲಿ ಬಗೆಯ ಮಾಸುವಿಕೆಯಿದ್ದು, ಪ್ರತಿ ಆಂಟೆನಾದಲ್ಲಿಯೂ ಸಂಕೇತವು ಸರಾಸರಿ ಗದ್ದಲದ 100 ಪಟ್ಟಿದ್ದರೆ, ಒಂದೇ ಆಂಟೆನಾಕ್ಕೆ 100ರಲ್ಲಿ ಸುಮಾರು 1 ತಪ್ಪು. ಎರಡಕ್ಕೆ 10,000ದಲ್ಲಿ ಸುಮಾರು 3. ಗಳಿಕೆ ಅಲ್ಪವಲ್ಲ. ಆದರೂ ಗದ್ದಲವೂ ಜೊತೆಗೂಡುತ್ತದೆ: ಒಟ್ಟು ಶಕ್ತಿಯನ್ನು ಹೆಚ್ಚಿಸದೆ ಅದನ್ನೇ ಹಲವು ಶಾಖೆಗಳಿಗೆ ಹಂಚುತ್ತ ಹೋದರೆ, ಒಂದು ಮಿತಿಯಾಚೆ ತಪ್ಪುಗಳು ಮತ್ತೆ ಏರುವುವು.